ಇಲಿ ಸುಳಿಯದ ಕೋಣೆ

ತಿಕೋಟಾ
೧೮ ನವೆಂಬರ್ ೨೦೨೪

ಚಿ. ಅನುಜಾಳಿಗೆ ನಿನ್ನ ಅಪ್ಪನ ಆಶೀರ್ವಾದ.

ನಿನ್ನ ಅವ್ವ ಬುತ್ತಿ ಕಟ್ಟುತ್ತಿದ್ದಾಳೆ. ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುವ ಡಬ್ಬಿಯಲ್ಲಿ ರೊಟ್ಟಿಯ ಮೇಲೆ ಈ ಕಾಗದ ಇಡುತ್ತಾಳಂತೆ. ಶೇಂಗಾ ಹಿಂಡಿಯ ಎಣ್ಣೆ ಹತ್ತಿದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಫೋನ್ ಮಾಡಬಹುದಿತ್ತು. ಆದರೆ ದೀಪಾವಳಿಗೆ ನೀನು ಬಂದಾಗ ನಾವಿಬ್ಬರು ಆಡಿದ ಮಾತು ಕೇಳಿ ನಿನ್ನ ಅವ್ವ ಗಂಗಾಬಾಯಿಯವರು ತೀರ್ಪು ಕೊಟ್ಟಿದ್ದಾರೆ. "ಅಪ್ಪ ಮಗಳು ಬಾಯಿ ತಗದ್ರ ಬೆಂಕಿ ಬೀಳತೈತಿ. ಬರೀರಿ. ಬರಿಯೂ ಹೊತ್ತಿಗೆ ಸಿಟ್ಟು ಅರ್ಧಾ ಇಳಿದಿರತೈತಿ." ಅದಕ್ಕೇ ಬರೆಯುತ್ತಿದ್ದೇನೆ. ಅರ್ಧ ಇಳಿದಿಲ್ಲ, ಕಾಲು ಭಾಗ ಇಳಿದಿರಬಹುದು.

ನೀನು ಅವತ್ತು ಕೇಳಿದ್ದಕ್ಕೆ ಇವತ್ತೂ ಅದೇ ಉತ್ತರ. ನಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಹೊಗೆ ಅಳೆಯುವ ಯಂತ್ರ ಕೂರಿಸುವುದಕ್ಕೆ, ಶ್ವಾಸಕೋಶದ ಶಕ್ತಿ ನೋಡಲೆಂದು ಕೆಲಸದ ಹೆಣ್ಣುಮಕ್ಕಳ ಬಾಯಿಗೆ ನಳಿಕೆ ಕೊಟ್ಟು ಉಸಿರು ಊದಿಸುವುದಕ್ಕೆ ನಾನು ಒಪ್ಪುವುದಿಲ್ಲ. ಗಂಧಕ ಸುಟ್ಟು ಹೊಗೆ ಕೊಡದಿದ್ದರೆ ನನ್ನ ಮಾಲಿಗೆ ಬಂಗಾರದ ಬಣ್ಣ ಬರುವುದಿಲ್ಲ. ಬಣ್ಣ ಬರದಿದ್ದರೆ ವ್ಯಾಪಾರಿ ಬಾಕ್ಸಿನ ಮುಚ್ಚಳ ತೆಗೆದು ಹಾಗೇ ಮುಚ್ಚಿ ಮುಂದಿನವನ ಕಡೆ ಹೋಗುತ್ತಾನೆ. ಪಾಂಡುರಂಗನ ಮಗಳೇ ಪಾಂಡುರಂಗನ ಮಾಲಿನ ಮೇಲೆ ವರದಿ ಬರೆದಳು ಎಂದು ಊರು ಆಡಿಕೊಳ್ಳುವುದು ನನಗೆ ಬೇಡ. ನಿನ್ನ ಅವ್ವನ ಕೆಮ್ಮು ಥಂಡಿಯದು. ವರ್ಷವೂ ಬರುತ್ತದೆ, ಹೋಗುತ್ತದೆ.

ಹಾಗೆಂದು ಮಗಳು ಅಷ್ಟು ಓದುವಾಗ ಅಪ್ಪ ಕೈಕಟ್ಟಿ ಕೂತಿದ್ದ ಎನ್ನಿಸಿಕೊಳ್ಳುವುದೂ ಬೇಡ. ಶೆಡ್ ಬಿಟ್ಟು ಬೇರೆ ಏನು ಬೇಕೋ ಕೇಳು.

ನಿನ್ನ ಅಪ್ಪ,
ಪಾಂಡುರಂಗ

ತಾ.ಕ.: ಸಂಜೆ ಬಸ್ಸಿಗೆ ಡಬ್ಬಿ ತಿರುಗಿ ಕಳಿಸು. ಹೋದ ತಿಂಗಳ ಎರಡು ಇನ್ನೂ ಬಂದಿಲ್ಲವಂತೆ.


ಸಿದ್ಧೇಶ್ವರ ಗುಡಿ ಹತ್ತಿರ, ವಿಜಯಪುರ
೨೪ ನವೆಂಬರ್ ೨೦೨೪

ತೀರ್ಥರೂಪ ಅಪ್ಪನಿಗೆ ಅನುಜಾಳ ನಮಸ್ಕಾರ.

ಕಾಗದಕ್ಕೆ ಎಣ್ಣೆ ಹತ್ತಿದೆ, ಬೆಳ್ಳುಳ್ಳಿ ವಾಸನೆಯೂ ಇದೆ. ಮನೆಯದೇ ವಾಸನೆ ಎಂದು ಎರಡು ಸಲ ಓದಿದೆ.

ಏನು ಬೇಕು ಎಂದಿರಿ. ನನಗೊಂದು ಕಂಪ್ಯೂಟರ್ ಬೇಕು. ಲ್ಯಾಪ್‌ಟಾಪ್ ಅಲ್ಲ, ಬಿಡಿಭಾಗ ಕೊಂಡು ಜೋಡಿಸುವ, ಮೇಜಿನ ಮೇಲೆ ಕೂರುವಂಥದ್ದು. ಅಷ್ಟೇ ದುಡ್ಡಿಗೆ ಅದು ಹೆಚ್ಚು ದುಡಿಯುತ್ತದೆ, ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು. ಐವತ್ತು ಸಾವಿರದೊಳಗೆ ಮುಗಿಯಬೇಕು ಎಂಬುದು ನನ್ನ ಅಂದಾಜು.

ತೊರವಿಯ ನಮ್ಮ ಪ್ರಯೋಗಾಲಯದಲ್ಲಿ ಇರುವುದು ಒಂದೇ ದೊಡ್ಡ ಯಂತ್ರ. ಅದಕ್ಕೆ ಸರದಿ ಕಾಯಬೇಕು. ನನ್ನ ಕೆಲಸ ಇಷ್ಟೇ: ಗಂಧಕದ ಕೋಣೆಯೊಳಗಿನ ಗಾಳಿಯನ್ನು ಲಕ್ಷಗಟ್ಟಲೆ ಸಣ್ಣ ಚೌಕಗಳಾಗಿ ಒಡೆದು, ಹೊಗೆ ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ, ಬಾಗಿಲು ತೆರೆದ ಮೇಲೆ ಎಲ್ಲಿ ನಿಲ್ಲುತ್ತದೆ, ಕೂತವರ ಮುಖದ ಮಟ್ಟದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕುವುದು. ಯಂತ್ರ ದಿನಗಟ್ಟಲೆ ಓಡಬೇಕು. ನಡುವೆ ಕರೆಂಟ್ ಹೋದರೆ, ಇಲ್ಲವೇ ನನ್ನ ಸರದಿ ಮುಗಿಯಿತೆಂದು ಯಾರಾದರೂ ನಿಲ್ಲಿಸಿದರೆ, ಮತ್ತೆ ಮೊದಲಿನಿಂದ.

ಒಂದು ಮಾತು ಮುಚ್ಚಿಡುವುದಿಲ್ಲ. ನಿಜವಾದ ಶೆಡ್ಡಿನಲ್ಲಿ ಅಳೆಯದೆ ಬರೀ ಲೆಕ್ಕವನ್ನು ಯಾರೂ ನಂಬುವುದಿಲ್ಲ ಎಂದು ನಮ್ಮ ಗೈಡ್ ಮಹಾನಂದಾ ಮೇಡಂ ಹೇಳಿದ್ದಾರೆ. ಬಬಲೇಶ್ವರದ ಕಡೆಯ ಶೆಡ್ಡಿನವರ ಹತ್ತಿರ ಹೋದೆ. "ಮೊದಲ ನಿಮ್ಮಪ್ಪಾರನ್ನ ಒಪ್ಪಸ್ರಿ, ಆಮ್ಯಾಲ ನಮ್ಮ ಕಡೆ ಬರ್ರಿ" ಎಂದು ಚಹಾ ಕೊಟ್ಟು ಕಳಿಸಿದರು. ಶೆಡ್ ಸಿಗದಿದ್ದರೆ ನನ್ನ ಇಷ್ಟು ವರ್ಷದ ಓದು ಅರ್ಧಕ್ಕೆ ನಿಲ್ಲುತ್ತದೆ. ಸಿಗುವ ತನಕ ಲೆಕ್ಕವನ್ನಾದರೂ ಮುಗಿಸಿಡೋಣ ಎಂದು ಈ ಕಂಪ್ಯೂಟರ್ ಕೇಳುತ್ತಿದ್ದೇನೆ.

ಲೆಕ್ಕಕ್ಕೆ ನಮ್ಮದೇ ಗಂಧಕದ ಕೋಣೆಯನ್ನು ನೆನಪಿನಿಂದ ಬಿಡಿಸಿಕೊಂಡಿದ್ದೇನೆ. ಚಿತ್ರದ ಒಂದು ಪ್ರತಿ ಈ ಡಬ್ಬಿಯಲ್ಲಿದೆ.

ಅವ್ವನ ಕೆಮ್ಮಿನ ಬಗ್ಗೆ ನಾನು ಬರೆಯುವುದಿಲ್ಲ. ಬರೆದರೆ ನೀವು ಕಾಗದವನ್ನು ಪೂರ್ತಿ ಓದುವುದಿಲ್ಲ.

ನಿಮ್ಮ ಮಗಳು,
ಅನುಜಾ


ತಿಕೋಟಾ
೨೨ ಡಿಸೆಂಬರ್ ೨೦೨೪

ಚಿ. ಅನುಜಾಳಿಗೆ ಆಶೀರ್ವಾದ.

ಕಂಪ್ಯೂಟರ್ ಕೊಡಿಸುತ್ತೇನೆ. ಆದರೆ ಖರೀದಿ ನನ್ನದು. ಈ ಮನೆಗೆ ಬಂದ ಟ್ರ್ಯಾಕ್ಟರು, ಔಷಧ ಹೊಡೆಯುವ ಪಂಪು, ಬೋರಿನ ಮೋಟಾರು ಎಲ್ಲವನ್ನೂ ನಾನೇ ಮುಟ್ಟಿ ನೋಡಿ ತಂದಿದ್ದೇನೆ. ಇದನ್ನೂ ತರುತ್ತೇನೆ.

ಸೋಮವಾರ ಗುಡಿ ಹತ್ತಿರ ನದೀಮನ ಅಂಗಡಿಗೆ ಹೋಗಿದ್ದೆ. ಒಳ್ಳೆಯ ಹುಡುಗ, ಮಾತು ಸ್ವಲ್ಪ ಜಾಸ್ತಿ.

"ಕಾಕಾ, ಆಟಾ ಆಡಾಕ ಬೇಕೋ, ಆಫೀಸಿಗೆ ಬೇಕೋ?" ಎಂದ.

"ಲೆಕ್ಕಾ ಮಾಡಾಕಪಾ."

"ಅಂಗಡಿ ಲೆಕ್ಕಾನ್ರಿ?"

"ಹೊಗಿ ಲೆಕ್ಕಾ" ಎಂದೆ. ಅವನು ನನ್ನ ಮುಖ ನೋಡಿದ.

ಮೂರು ವಸ್ತು ತಂದಿದ್ದೇನೆ. ಒಂದು ಗಾಜಿನ ಕ್ಯಾಬಿನೆಟ್, ಒಳಗೆ ಬಣ್ಣಬಣ್ಣದ ದೀಪ ಹತ್ತುತ್ತವೆ. ಗಣಪತಿ ಮಂಟಪದ ಹಾಗೆ ಕಾಣುತ್ತದೆ ಎಂದು ನಿನ್ನ ಅವ್ವ ನಕ್ಕಳು. ಇನ್ನೊಂದು, ಅವನೇ ಒತ್ತಾಯ ಮಾಡಿದ ಗ್ರಾಫಿಕ್ ಕಾರ್ಡು. ಮೂರನೆಯದು ಮೆಮೊರಿ. ಸಣ್ಣವು ಎರಡು ಕೊಡುತ್ತೇನೆಂದ. ಎರಡು ಯಾಕೆ ತಾಪತ್ರಯ ಎಂದು ದೊಡ್ಡದು ಒಂದನ್ನೇ ತಂದೆ.

ಬರುವಾಗ ನಿನ್ನ ಕೋಣೆಯ ಮುಂದೆಯೇ ಹಾದು ಬಂದೆ. ಬಾಗಿಲು ಹಾಕಿತ್ತು.

ನಿನ್ನ ಅಪ್ಪ,
ಪಾಂಡುರಂಗ

ತಾ.ಕ.: ಡಬ್ಬಿ.


ವಿಜಯಪುರ
೧೭ ಜನವರಿ ೨೦೨೫

ತೀರ್ಥರೂಪ ಅಪ್ಪನಿಗೆ ನಮಸ್ಕಾರ.

ಸಂಕ್ರಾಂತಿಯ ಕುಸುರೆಳ್ಳು, ಮಾದಲಿ ಮುಟ್ಟಿದವು. ಬರಲಾಗಲಿಲ್ಲ. ಕೆಲಸವಿತ್ತು ಎಂದು ಬರೆದರೆ ನೀವು ನಂಬುವುದಿಲ್ಲ, ಇರಲಿ.

ಅವತ್ತು ಬಾಗಿಲು ಹಾಕಿತ್ತು, ಆದರೆ ನಾನು ಒಳಗೇ ಇದ್ದೆ ಅಪ್ಪಾ. ತಟ್ಟಬೇಕಿತ್ತು.

ನೀವು ತಂದ ಮೂರನ್ನೂ ಬದಲಿಸಬೇಕು. ಸಿಟ್ಟಾಗಬೇಡಿ. ನದೀಮನ ಜೊತೆ ಮಾತಾಡಿದ್ದೇನೆ, "ಕಾಕಾ ಬಂದ್ರ ಮರುಮಾತಿಲ್ಲದ ಬದಲಿ ಮಾಡಿ ಕೊಡ್ತೇನ್ರಿ" ಎಂದಿದ್ದಾನೆ.

ಗಾಜಿನ ಕ್ಯಾಬಿನೆಟ್ ಬೇಡ. ನಮ್ಮ ಬೇಸಿಗೆಗೆ ಅದರೊಳಗೆ ಯಂತ್ರ ಕುದಿಯುತ್ತದೆ. ಮುಂದೆ ಜಾಳಿಗೆ ಇರುವ ಸಾದಾ ಕಬ್ಬಿಣದ ಡಬ್ಬಿ ಸಾಕು. ಗ್ರಾಫಿಕ್ ಕಾರ್ಡೂ ಬೇಡ. ನಾನು ಬಳಸುವ ತಂತ್ರಾಂಶ ಅದನ್ನು ಮುಟ್ಟುವುದೇ ಇಲ್ಲ. ಪರದೆಯಲ್ಲಿ ಅಕ್ಷರ, ಚಿತ್ರ ತೋರಿಸುವಷ್ಟು ಶಕ್ತಿ ಒಳಗೇ ಇರುವ ಪ್ರೊಸೆಸರುಗಳು ಸಿಗುತ್ತವೆ. ಅಂಥದರಲ್ಲಿ ಎಂಟು ಕೋರಿನದನ್ನು ಕೇಳಿ. ಒಂದೇ ಲೆಕ್ಕವನ್ನು ಎಂಟು ಜನ ಹಂಚಿಕೊಂಡು ಮಾಡಿದ ಹಾಗೆ.

ಮೆಮೊರಿ ಒಂದೇ ದೊಡ್ಡ ಪಟ್ಟಿ ಬೇಡ. ಅದರ ಅರ್ಧದ್ದು ಎರಡು ತನ್ನಿ. ಪ್ರೊಸೆಸರಿಗೂ ಮೆಮೊರಿಗೂ ನಡುವೆ ಎರಡು ದಾರಿ ಇರುತ್ತವೆ, ಒಂದೇ ಪಟ್ಟಿ ಹಾಕಿದರೆ ಒಂದು ದಾರಿ ಖಾಲಿ ಬೀಳುತ್ತದೆ. ನಮ್ಮ ಶೆಡ್ಡಿನ ಲಕ್ಕವ್ವ ಮತ್ತು ಅವಳ ಜೊತೆಯವರು ರ‍್ಯಾಕಿನ ಎರಡೂ ಬದಿಗೆ ನಿಂತು ದ್ರಾಕ್ಷಿ ಹರಡುವುದನ್ನು ನೀವು ನೋಡಿದ್ದೀರಿ. ಒಂದೇ ಬದಿಗೆ ನಿಲ್ಲಿಸಿದರೆ ಕೆಲಸ ಎಷ್ಟು ಎಳೆಯುತ್ತದೆ ಎಂಬುದು ನನಗಿಂತ ನಿಮಗೇ ಗೊತ್ತು.

ಪವರ್ ಸಪ್ಲೈಯಲ್ಲಿ ಮಾತ್ರ ಅಗ್ಗದ್ದು ನೋಡಬೇಡಿ. ಅದು ಕೆಟ್ಟರೆ ಉಳಿದದ್ದನ್ನೂ ಸುಡುತ್ತದೆ. ಕರೆಂಟ್ ಹೋದಾಗ ಲೆಕ್ಕ ಉಳಿಸಿಕೊಳ್ಳುವಷ್ಟು ಹೊತ್ತು ನಡೆಸುವ ಯುಪಿಎಸ್ ಬೇಕೇ ಬೇಕು.

ಹೋದ ವಾರದ ಬುತ್ತಿಯಲ್ಲಿ ರೊಟ್ಟಿ ಕಡಿಮೆ ಇದ್ದವು. ಅವ್ವನಿಗೆ ಬಡಿಯಲು ಆಗುತ್ತಿಲ್ಲವೇ?

ನಿಮ್ಮ,
ಅನುಜಾ


ತಿಕೋಟಾ
೧೬ ಫೆಬ್ರುವರಿ ೨೦೨೫

ಚಿ. ಅನುಜಾಳಿಗೆ ಆಶೀರ್ವಾದ.

ನೀನು ಬರೆದ ಪ್ರಕಾರವೇ ಎಲ್ಲ ಆಗಿದೆ. ದೀಪದ ಕ್ಯಾಬಿನೆಟ್ ತಿರುಗಿ ಕೊಡುವಾಗ ನನಗೆ ಬೇಜಾರಾಯಿತು. ಆದರೆ ರ‍್ಯಾಕಿನ ಎರಡು ಬದಿಯ ಮಾತು ತಲೆಗೆ ಹೋಯಿತು. ನದೀಮನಿಗೂ ಅದೇ ಮಾತು ಹೇಳಿ ಎರಡು ಪಟ್ಟಿ ತಂದೆ. ಪ್ರೊಸೆಸರು, ಮದರ್‌ಬೋರ್ಡು, ಡಿಸ್ಕು, ಪವರ್ ಸಪ್ಲೈ, ಯುಪಿಎಸ್ ಎಲ್ಲ ಬಂದಿವೆ. ಪ್ರತಿಯೊಂದನ್ನೂ ಬಿಚ್ಚಿ ನೋಡಿದ್ದೇನೆ. ಮದರ್‌ಬೋರ್ಡು ನೋಡಲು ಬಲು ಚೆಂದ. ಮೇಲಿನಿಂದ ಕಂಡ ಊರಿನ ಹಾಗಿದೆ.

ಈಗಲೇ ಕಳಿಸುವುದಿಲ್ಲ. ಯುಗಾದಿ ಪಾಡ್ಯದ ದಿನ ಪೂಜೆ ಮಾಡಿ ಕಳಿಸುತ್ತೇನೆ. ಈ ಮನೆಗೆ ಹೊಸ ಯಂತ್ರ ಯಾವುದು ಬಂದರೂ ಮುಹೂರ್ತ ನೋಡದೆ ಚಾಲು ಮಾಡಿದ್ದಿಲ್ಲ. ನೀನು ನಗುತ್ತೀಯ ಎಂದು ಗೊತ್ತು.

ಅಲ್ಲಿಯವರೆಗೆ ಭದ್ರವಾಗಿ ಇಟ್ಟಿದ್ದೇನೆ. ಹೋದ ವರ್ಷ ಟ್ರ್ಯಾಕ್ಟರಿನ ವೈರು ಪೂರ್ತಿ ಇಲಿ ತಿಂದದ್ದು ನೆನಪಿದೆಯಲ್ಲ. ಇಲಿ, ಜಿರಲೆ, ಇರುವೆ ಒಂದೂ ಸುಳಿಯದ ಜಾಗ ನನಗೊಂದು ಗೊತ್ತು. ಚಿಂತೆ ಬೇಡ.

ಸೀಜನ್ ಶುರುವಾಗಿದೆ. ಈ ಸಲ ಮಾಲು ಚೆನ್ನಾಗಿದೆ. ನಿನ್ನ ಅವ್ವ ಗಂಧಕದ ಕೋಣೆಯ ಬಾಗಿಲಲ್ಲಿ ತನ್ನ ಸ್ಟೂಲಿನ ಮೇಲೆ ಕೂತಾಯಿತು. ಸಂದಿಯಲ್ಲಿ ಬಣ್ಣ ನೋಡಿ, ಈಗ ತೆರೆಯಿರಿ, ಇನ್ನೂ ಸ್ವಲ್ಪ ಇರಲಿ ಎಂದು ಹೇಳುವ ಕಣ್ಣು ತಿಕೋಟಾದಲ್ಲಿ ಅವಳೊಬ್ಬಳಿಗೇ ಇರುವುದು. ಹತ್ತಿರದವರ ಶೆಡ್ಡಿನಿಂದಲೂ ಕರೆಯಲು ಬರುತ್ತಾರೆ, ನಾನು ಕಳಿಸುವುದಿಲ್ಲ.

ನಿನ್ನ ಚಿತ್ರ ನೋಡಿದೆ. ಬಾಗಿಲನ್ನು ಪೂರ್ವಕ್ಕೆ ಬರೆದಿದ್ದೀಯ. ಅದನ್ನು ಪಡುವಣಕ್ಕೆ ಮಾಡಿಸಿ ಮೂರು ವರ್ಷವಾಯಿತು. ಹಿಂದಿನ ಗೋಡೆಯ ಕಿಂಡಿಯನ್ನೂ ಮುಚ್ಚಿಸಿದ್ದೇನೆ, ಹೊಗೆ ಸುಮ್ಮನೆ ಹೋಗುತ್ತಿತ್ತು. ತಪ್ಪು ಲೆಕ್ಕ ಮಾಡಬೇಡ ಎಂದು ಹೇಳಿದೆ ಅಷ್ಟೆ.

ನಿನ್ನ ಅಪ್ಪ,
ಪಾಂಡುರಂಗ

ತಾ.ಕ.: ರೊಟ್ಟಿ ಇನ್ನು ಮೇಲೆ ಲಕ್ಕವ್ವನೂ ಬಡಿಯುತ್ತಾಳೆ. ಡಬ್ಬಿ ನಿನ್ನ ಹತ್ತಿರ ನಾಲ್ಕಾದವು.


ತಿಕೋಟಾ
೩೧ ಮಾರ್ಚ್ ೨೦೨೫

ಚಿ. ಅನುಜಾಳಿಗೆ ಆಶೀರ್ವಾದ.

ನಿನ್ನಿಂದ ಕಾಗದವಿಲ್ಲ. ಹಬ್ಬಕ್ಕೂ ಬರಲಿಲ್ಲ. ಕಿಂಡಿ ಮುಚ್ಚಿಸಿದ್ದಕ್ಕೆ ಸಿಟ್ಟೇ? ನಿನ್ನ ಅವ್ವ ನಿನ್ನೆ ಬೇವು ಬೆಲ್ಲ ಕೊಡುವಾಗ ನಿನ್ನ ಪಾಲು ಎತ್ತಿಟ್ಟು, ಆಮೇಲೆ ತಾನೇ ತಿಂದಳು.

ಪೂಜೆ ಆಯಿತು. ಅರಿಸಿನ ಕುಂಕುಮವನ್ನು ಯಂತ್ರದ ಕಬ್ಬಿಣದ ಡಬ್ಬಿಯ ಹೊರಗೆ ಮಾತ್ರ ಹಚ್ಚಿದ್ದೇವೆ, ಒಳಗಿನ ಒಂದನ್ನೂ ಮುಟ್ಟಿಲ್ಲ. ನಾಳೆ ಮಾಲಿನ ಟೆಂಪೋದಲ್ಲಿ ಎಲ್ಲವನ್ನೂ ನದೀಮನ ಅಂಗಡಿಗೆ ಇಳಿಸುತ್ತಾರೆ. ಜೋಡಿಸುವಾಗ ನೀನು ಎದುರಿಗಿರು.

ಚೆನ್ನಾಗಿ ಓದು.

ನಿನ್ನ ಅಪ್ಪ,
ಪಾಂಡುರಂಗ


ವಿಜಯಪುರ
೯ ಏಪ್ರಿಲ್ ೨೦೨೫

ತೀರ್ಥರೂಪ ಅಪ್ಪನಿಗೆ ನಮಸ್ಕಾರ.

ಯಂತ್ರ ಜೋಡಿಸಿದೆವು. ನಾನು ಎದುರಿಗಿದ್ದೆ. ಮೊದಲ ಸಲ ಒತ್ತಿದಾಗಲೇ ಹತ್ತಿತು. ನದೀಮ ಪೇಢೆ ತರಿಸಿದ. ನನ್ನ ಮೇಜಿನ ಮೇಲೆ ತಂದಿಟ್ಟುಕೊಂಡು ಪಡುವಣದ ಬಾಗಿಲು, ಮುಚ್ಚಿದ ಕಿಂಡಿ ಎಲ್ಲ ಸರಿಪಡಿಸಿ ಲೆಕ್ಕ ಶುರು ಮಾಡಿದೆ. ಪ್ರಯೋಗಾಲಯದ ಯಂತ್ರಕ್ಕಿಂತ ಚುರುಕಾಗಿ ಓಡಿತು. ನನ್ನದೇ ಯಂತ್ರ, ಯಾರೂ ನಿಲ್ಲಿಸುವವರಿಲ್ಲ. ಅದರ ಫ್ಯಾನಿನ ಸದ್ದು ಕೇಳುತ್ತಾ ಕೂತಾಗ ನಿಮ್ಮ ಮೇಲಿನ ಸಿಟ್ಟು ನಿಜವಾಗಿ ಇಳಿದಿತ್ತು. ನಿಮಗೆ ಬರೆಯಬೇಕೆಂದು ಕಾಗದ ತೆಗೆದುಕೊಂಡಿದ್ದೆ ಕೂಡ.

ಮರುದಿನ ತಾನಾಗಿ ನಿಂತಿತು. ಮತ್ತೆ ಹಚ್ಚಿದರೆ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಈಗ ಹತ್ತುವುದೇ ಇಲ್ಲ.

ನದೀಮ ಎಲ್ಲ ಬಿಚ್ಚಿ ನೋಡಿದ. ಪವರ್ ಸಪ್ಲೈ ಸರಿ ಇದೆ. ಮದರ್‌ಬೋರ್ಡಿನಲ್ಲಿ ತಾಮ್ರ ಕಾಣುವ ಕಡೆಯೆಲ್ಲ ಕಪ್ಪು. ಮೆಮೊರಿ ಪಟ್ಟಿಗೆ ಬಂಗಾರದ ಬಣ್ಣದ ಹಲ್ಲುಗಳಿರುತ್ತವಲ್ಲ, ಅವುಗಳ ಅಂಚಿಗೂ ಕಪ್ಪು ಏರಿದೆ. "ಜೋಡಸೂ ಮುಂದ ಸ್ವಲ್ಪ ಕಪ್ಪ ಕಂಡಿತ್ತು, ಧೂಳ ಇರಬೇಕಂತ ಒರಸಿ ಹಾಕಿದ್ನಿ. ಹೊಸಾ ಮಾಲು ಹಿಂಗ ಆಗಿದ್ದು ನಾ ನೋಡೇ ಇಲ್ರಿ ಅಕ್ಕಾ. ಎಲ್ಲಿಟ್ಟಿದ್ರು ಕಾಕಾ ಇದನ್ನ?" ಎಂದು ಕೇಳಿದ.

ಎಲ್ಲಿಟ್ಟಿದ್ದಿರಿ, ಅಪ್ಪಾ?

ಅನುಜಾ


ತಿಕೋಟಾ
೧೧ ಏಪ್ರಿಲ್ ೨೦೨೫

ಅನುಜಾ,

ಆ ನದೀಮನಿಗೆ ಹೇಳು, ಹಳೆಯ ಮಾಲು ತಿಕ್ಕಿ ಹೊಸದೆಂದು ಕೊಟ್ಟು ಈಗ ನನ್ನನ್ನು ಕೇಳುತ್ತಾನೆಯೇ ಎಂದು. ನಾನೇ ಬಂದು ಮಾತಾಡುತ್ತೇನೆ.

ಎಲ್ಲಿಟ್ಟಿದ್ದೆ ಎಂದರೆ, ನನ್ನ ಮಾಲಿಗಿಂತ ಹೆಚ್ಚು ಜೋಪಾನವಾಗಿ ಇಟ್ಟಿದ್ದೆ. ಗಂಧಕದ ಕೋಣೆಗೆ ಹತ್ತಿದ ನನ್ನ ಆಫೀಸು ಕೋಣೆಯಲ್ಲಿ. ಅಲ್ಲಿ ಇಲಿ ಬರುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಸೊಳ್ಳೆಯೂ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರುತ್ತವೆ ಎಂದು ಎಲ್ಲವನ್ನೂ ತೆಗೆದು, ಬಿಳಿ ಬಟ್ಟೆ ಹಾಸಿ, ಒಂದಕ್ಕೊಂದು ತಾಗದ ಹಾಗೆ ರ‍್ಯಾಕಿನ ಮೇಲೆ ಹರಡಿದ್ದೆ. ಒಣಗಿಸುವ ಧಂದೆಯಲ್ಲಿ ಕೂದಲು ಬೆಳ್ಳಗಾದವನಿಗೆ ಅಷ್ಟು ಗೊತ್ತಿಲ್ಲವೇ? ಬಿಸಿ ತಾಗಬಾರದು ಎಂದು ನದೀಮನೇ ಹೇಳಿದ್ದಕ್ಕೆ ನೀರಿನ ಕೂಲರನ್ನೂ ಹಚ್ಚಿದ್ದೆ. ನಿನ್ನ ಅವ್ವ ದಿನಾ ಅದಕ್ಕೆ ನೀರು ಹಾಕುತ್ತಿದ್ದಳು.

ಇದಕ್ಕಿಂತ ಹೆಚ್ಚು ಏನು ಮಾಡಬೇಕಿತ್ತು?

ಪಾಂಡುರಂಗ


ವಿಜಯಪುರ
೧೪ ಏಪ್ರಿಲ್ ೨೦೨೫

ತೀರ್ಥರೂಪ ಅಪ್ಪನಿಗೆ ನಮಸ್ಕಾರ.

ನದೀಮನ ಜೊತೆ ಜಗಳಕ್ಕೆ ಬರಬೇಡಿ. ಅವನು ಕೊಟ್ಟದ್ದು ಹೊಸದೇ. ನೀವು ಬಿಚ್ಚಿ ನೋಡಿದಾಗ ಚೆಂದ ಇತ್ತು ಎಂದು ನೀವೇ ಬರೆದಿದ್ದಿರಿ.

ಗಂಧಕದ ಹೊಗೆ ಗೋಡೆಯ ಸಂದಿಯಿಂದ ಬರುತ್ತದೆ. ಕೂಲರಿನ ತೇವ ಅದಕ್ಕೆ ಸಿಕ್ಕರೆ ತಾಮ್ರವನ್ನು ತಿನ್ನುತ್ತದೆ. ನೀವು ಚೀಲದಿಂದ ತೆಗೆದು ಹರಡಿದ್ದರಿಂದ ತಡೆಯಲು ಏನೂ ಇರಲಿಲ್ಲ. ಸೀಜನ್ ಶುರುವಾದಾಗಿನಿಂದ ಯುಗಾದಿಯವರೆಗೆ ಅಲ್ಲೇ ಇದ್ದವು. ಇದರಲ್ಲಿ ನಿಮ್ಮ ತಪ್ಪಿಲ್ಲ. ನೀವು ಪ್ರೀತಿಯಿಂದಲೇ ಇಟ್ಟಿದ್ದಿರಿ, ಅದು ನನಗೆ ಗೊತ್ತು. ಕಾಗದ ಓದಿ ಅತ್ತೆ.

ಕಬ್ಬಿಣದ ಡಬ್ಬಿ, ಪ್ರೊಸೆಸರು, ಪವರ್ ಸಪ್ಲೈ, ಯುಪಿಎಸ್ ಉಳಿದಿವೆ. ಬೋರ್ಡೂ ಮೆಮೊರಿಯೂ ಹೋದವು. ಡಿಸ್ಕಿನಲ್ಲಿ ಅರ್ಧ ಲೆಕ್ಕ ಉಳಿದಿದೆ. ಆ ಅರ್ಧದಲ್ಲಿ ಕಂಡದ್ದು ಇಷ್ಟು: ಪಡುವಣದ ಬಾಗಿಲು ತೆರೆದಾಗ ಹೊಗೆ ಹೊರಗೆ ಹೋಗುವುದಿಲ್ಲ. ಹೊರಗಿನ ಗಾಳಿ ಅದನ್ನು ಒಳಕ್ಕೇ ತಳ್ಳುತ್ತದೆ. ಅದು ಬಾಗಿಲ ಪಕ್ಕದಲ್ಲೇ, ಸ್ಟೂಲಿನ ಮೇಲೆ ಕೂತವರ ಮುಖದ ಎತ್ತರದಲ್ಲಿ ನಿಲ್ಲುತ್ತದೆ.

ಒಂದು ಮೆಮೊರಿ ಪಟ್ಟಿಯನ್ನು ಈ ಡಬ್ಬಿಯಲ್ಲಿ ಇಟ್ಟಿದ್ದೇನೆ. ನೀವೇ ಬೆಳಕಿಗೆ ಹಿಡಿದು ನೋಡಿ. ಬೇರೆ ಏನನ್ನೂ ನಾನು ಬರೆಯುವುದಿಲ್ಲ.

ನಿಮ್ಮ,
ಅನುಜಾ


ತಿಕೋಟಾ
೬ ಮೇ ೨೦೨೫

ಚಿ. ಅನುಜಾಳಿಗೆ ನಿನ್ನ ಅಪ್ಪನ ಆಶೀರ್ವಾದ.

ಈ ಸಲದ ಬುತ್ತಿ ಪೂರ್ತಿ ಲಕ್ಕವ್ವನ ಕೈಯದು. ರೊಟ್ಟಿ ದಪ್ಪ ಇವೆ. ಗಾಬರಿಯಾಗಬೇಡ, ನಿನ್ನ ಅವ್ವ ಸಾರವಾಡದಲ್ಲಿ ತನ್ನ ತವರಿನಲ್ಲಿದ್ದಾಳೆ. ಯಾಕೆ ಎಂದು ಬರೆಯುತ್ತೇನೆ.

ನೀನು ಕಳಿಸಿದ ಮೆಮೊರಿ ಪಟ್ಟಿ ನೋಡಿದೆ. ಆದರೂ ನಂಬಲಿಲ್ಲ. ನಾನು ವ್ಯಾಪಾರಿ, ಒಬ್ಬರು ಹೇಳಿದ್ದನ್ನು ತೂಗದೆ ತೆಗೆದುಕೊಳ್ಳುವವನಲ್ಲ. ಸುಟ್ಟ ಮೋಟಾರಿನ ತಾಮ್ರದ ತಂತಿ ತೆಗೆದು, ಮೇಲಿನ ಬಣ್ಣ ಕೆರೆದು ಹೊಳೆಯಿಸಿ, ಮೂರು ತುಂಡು ಮಾಡಿದೆ. ಒಂದನ್ನು ಮನೆಯ ದೇವರ ಜಗಲಿಯ ಮೇಲೆ ಇಟ್ಟೆ. ಒಂದನ್ನು ಆಫೀಸು ಕೋಣೆಯಲ್ಲಿ ತೂಗಿಬಿಟ್ಟೆ. ಮೂರನೆಯದನ್ನು ನಿನ್ನ ಅವ್ವ ಕೂಡುವ ಸ್ಟೂಲಿನ ಪಕ್ಕ, ಅವಳ ಮುಖದ ಮಟ್ಟಕ್ಕೆ ಮೊಳೆ ಹೊಡೆದು ಕಟ್ಟಿದೆ. "ಇದೇನ್ರಿ, ನನಗ ದೃಷ್ಟಿ ತಾಕಬಾರದಂತ ಕಟ್ಟೀರೇನು?" ಎಂದು ನಕ್ಕಳು. ಹೌದು ಎಂದೆ.

ಕೆಲವು ಸಲ ಹೊಗೆ ಕೊಟ್ಟ ಮೇಲೆ ಮೂರನ್ನೂ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡೆ. ದೇವರ ಮನೆಯದು ಇದ್ದ ಹಾಗೇ ಇತ್ತು. ಆಫೀಸಿನದು ಕಂದಾಗಿತ್ತು. ಸ್ಟೂಲಿನ ಪಕ್ಕದ್ದು ರೊಟ್ಟಿ ಹಂಚಿನ ತಳದಂತೆ ಕರ‍್ರಗೆ.

ನಾನು ಅವನ್ನೇ ಹೊರಳಿಸಿ ನೋಡುತ್ತಾ ಕೂತದ್ದನ್ನು ಕಂಡು ನಿನ್ನ ಅವ್ವ ಬಂದಳು. "ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ? ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಹೋಗತೈತಿ" ಎಂದು ತಂತಿಯನ್ನು ಕೈಯಿಂದ ಕಿತ್ತುಕೊಂಡು ಹೋದಳು. ಬಚ್ಚಲ ಕಲ್ಲಿನ ಮೇಲೆ ತಿಕ್ಕಿದಳು. ನಿಜವಾಗಿಯೂ ಹೊಳೆಯಿತು. "ನೋಡ್ರಿ, ಹೆಂಗಾತು" ಎಂದು ತೋರಿಸಲು ಎದ್ದವಳಿಗೆ ಕೆಮ್ಮು ಹತ್ತಿತು. ಕಂಬ ಹಿಡಿದು ಕೂತುಬಿಟ್ಟಳು. ಹೊಳೆಯುವ ತಂತಿ ಕೈಯಲ್ಲೇ ಇತ್ತು.

ಹೊರಗಿನದನ್ನು ತಿಕ್ಕಬಹುದು. ಅವಳ ಒಳಗಿನದನ್ನು ನಾನು ಯಾವ ಹುಣಸೆಹಣ್ಣಿನಿಂದ ತಿಕ್ಕಲಿ, ಅನುಜಾ? ಇಲಿಯೂ ನಿಲ್ಲದ ಜಾಗ ಎಂದು ಹೆಮ್ಮೆಯಿಂದ ನಿನಗೆ ಬರೆದಿದ್ದೆ. ಅದೇ ಗೋಡೆಯ ಆಚೆ, ಅದೇ ಹೊಗೆಯಲ್ಲಿ ಅವಳು ಪ್ರತಿ ಸೀಜನ್ ಕೂತಿರುತ್ತಾಳೆ ಎಂಬುದು ಬರೆಯುವಾಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುದಿನವೇ ಸಾರವಾಡಕ್ಕೆ ಬಿಟ್ಟು ಬಂದೆ. ಬಸ್ಸು ಹತ್ತುವವರೆಗೂ ಜಗಳ ಮಾಡಿದಳು. "ಸೀಜನ್ ನಡದೈತಿ, ಬಣ್ಣಾ ಯಾರ ನೋಡ್ತಾರ?" ಎಂದಳು. ನಿನಗೆ ತಿಳಿಸಬೇಡಿ ಎಂದೂ ಹೇಳಿದ್ದಾಳೆ. ತಿಳಿಸುತ್ತಿದ್ದೇನೆ. ವಿಜಯಪುರದ ದೊಡ್ಡ ದವಾಖಾನೆಗೆ ತೋರಿಸಬೇಕು. ನಾನೊಬ್ಬನೇ ಕರೆದುಕೊಂಡು ಹೋದರೆ ಡಾಕ್ಟರು ಕೇಳುವುದಕ್ಕೆ ಥಂಡಿ ಎಂದೇ ಹೇಳಿಬಿಡುತ್ತೇನೇನೋ ಎಂದು ನನಗೇ ಭಯ. ನೀನು ಜೊತೆಗಿರಬೇಕು.

ಇನ್ನೊಂದು ಸಂಗತಿ ಇದೆ. ವ್ಯಾಪಾರಿಗೆ ಮಾತು ಕೊಟ್ಟ ಮಾಲು ಇನ್ನೂ ಉಳಿದಿತ್ತು. ನಿನ್ನ ಅವ್ವನ ಸ್ಟೂಲಿನ ಮೇಲೆ ಲಕ್ಕವ್ವನನ್ನು ಕೂರಲು ಹೇಳಿದೆ. ಅವಳಿಗೂ ಬಣ್ಣ ಸ್ವಲ್ಪ ತಿಳಿಯುತ್ತದೆ. ಅವಳು ಸ್ಟೂಲಿನ ತನಕ ಹೋಗಿ, ಕೂರದೆ, ಮೊಳೆಯ ಕಡೆ ನೋಡುತ್ತಾ ನಿಂತಳು. ತಂತಿಯ ಸುದ್ದಿ ಶೆಡ್ಡಿನವರಿಗೆಲ್ಲ ಗೊತ್ತಾಗಿದೆ.

"ಸಾವಕಾರ್ರ, ಅವ್ವಾರನ್ನ ಸಾರವಾಡಕ್ಕ ಕಳಿಸಿದ್ರಿ" ಎಂದಳು. "ನನ್ನ ಎಲ್ಲಿಗೆ ಕಳಸ್ತೀರಿ?"

ಸಿಟ್ಟಿನಿಂದ ಕೇಳಲಿಲ್ಲ. ಸುಮ್ಮನೆ ಕೇಳಿದಳು. ಒಳಗಿದ್ದವರನ್ನೆಲ್ಲ ಹೊರಗೆ ಕರೆದು, ಗಂಧಕದ ಕೋಣೆಗೆ ನಾನೇ ಬೀಗ ಹಾಕಿದೆ. ಉಳಿದ ಮಾಲು ಕಂದಾಗಿಯೇ ಒಣಗಲಿ, ಕಂದೆಂದೇ ಹೇಳಿ ಮಾರುತ್ತೇನೆ. ಮುಂದಿನ ವರ್ಷ ಏನು ಮಾಡುತ್ತೇನೋ ಗೊತ್ತಿಲ್ಲ, ಸುಳ್ಳು ಭರವಸೆ ಕೊಡುವುದಿಲ್ಲ. ಬಬಲೇಶ್ವರದವರು ಇನ್ನು ಕೇಳಿದರೆ ಪಾಂಡುರಂಗ ಒಪ್ಪಿದ್ದಾನೆ ಎಂದು ಹೇಳು.

ನಿನ್ನ ಅಳೆಯುವ ಯಂತ್ರ ತೆಗೆದುಕೊಂಡು ಬಾ. ಹೊಗೆ ಅಳೆಯಬೇಕಾದರೆ ಒಂದು ಸಲ ಸುಡಬೇಕಾಗುತ್ತದೆಯೋ ಏನೋ, ಸುಡುವುದಿದ್ದರೆ ಒಳಗೆ ಯಾರೂ ಇಲ್ಲದಾಗ ನಾನೇ ಸುಡುತ್ತೇನೆ. ಲಕ್ಕವ್ವ ಮತ್ತು ಜೊತೆಯವರು ನಿನ್ನ ನಳಿಕೆ ಊದಲು ತಯಾರಿದ್ದಾರೆ. ಮೊದಲು ನಾನು ಊದುತ್ತೇನೆ ಎಂದು ಹೇಳಿದ್ದಕ್ಕೆ ನಕ್ಕರು.

ಬೋರ್ಡು ಮತ್ತು ಮೆಮೊರಿಗೆ ನದೀಮನ ಹತ್ತಿರ ಮಾತಾಡಿದ್ದೇನೆ. ಅವನಿಗೆ ಆಡಿದ ಮಾತಿಗೆ ತಪ್ಪಾಯಿತು ಎಂದೂ ಹೇಳಿದೆ. ಮೆಮೊರಿ ಎರಡು ಪಟ್ಟಿಯದೇ. ಈ ಸಲ ಮುಹೂರ್ತ ಬೇಡ, ಚೀಲ ಬಿಚ್ಚದೆ ನೇರ ನಿನ್ನ ಕೋಣೆಗೇ ತಲುಪಿಸುತ್ತಾನೆ.

ನೀನು ಮೊದಲು ಕೇಳಿದ್ದು ಶೆಡ್ಡನ್ನು. ಗಂಧಕದ ಕೋಣೆಯ ಕೀಲಿಕೈ ರೊಟ್ಟಿಯ ಕೆಳಗಿದೆ. ಹಿತ್ತಾಳೆಯದು, ಪೂರ್ತಿ ಕಪ್ಪಾಗಿದೆ. ತಿಕ್ಕಿಲ್ಲ.

ನಿನ್ನ ಅಪ್ಪ,
ಪಾಂಡುರಂಗ

ತಾ.ಕ.: ಡಬ್ಬಿ ಬಸ್ಸಿಗೆ ಕೊಡಬೇಡ. ನೀನೇ ತೆಗೆದುಕೊಂಡು ಬಾ.